ಮುಚ್ಚಳದ ಮೇಲಿನ ಕೀಲಿ: ವಿಲೆ ಪಾರ್ಲೆಯಿಂದ ಪೈಥಾನ್‌ವರೆಗೆ ಆರಿಸುವ ವಿದ್ಯೆಯ ಚರಿತ್ರೆ

ವಿಲೆ ಪಾರ್ಲೆಯ ಒಂದು ಅಡುಗೆಮನೆಯಿಂದ ನರೀಮನ್ ಪಾಯಿಂಟ್‌ನ ಎಕ್ಸ್‌ಪ್ರೆಸ್ ಟವರ್ಸ್ ಕಟ್ಟಡದ ಹನ್ನೆರಡನೆಯ ಮಹಡಿಗೆ ಊಟದ ಡಬ್ಬಿಯೊಂದು ಹೋಗಬೇಕು. ದೂರ ಸುಮಾರು 20 ಕಿಲೋಮೀಟರ್. ಅದರ ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದಿರುವುದು ಇಷ್ಟೇ: ಒಂದು ಬದಿಯಲ್ಲಿ 'ವಿಎಲ್‌ಪಿ', ಅದರ ಹತ್ತಿರ 'ಇ', ನಡುವೆ ದೊಡ್ಡದಾಗಿ '3', ಇನ್ನೊಂದು ಬದಿಯಲ್ಲಿ '9 ಇಎಕ್ಸ್ 12'. ವಿಎಲ್‌ಪಿ ಎಂದರೆ ವಿಲೆ ಪಾರ್ಲೆ. ಇ ಎಂದರೆ ಡಬ್ಬಿ ಎತ್ತಿದ ಕಡೆಯ ಗುರುತು. 3 ಇಳಿಯಬೇಕಾದ ನಿಲ್ದಾಣದ ಸಂಖ್ಯೆ. 9 ಅಲ್ಲಿಂದ ಮುಂದೆ ಒಯ್ಯುವ ಡಬ್ಬಾವಾಲನ ಗುರುತು, ಇಎಕ್ಸ್ ಕಟ್ಟಡ, 12 ಮಹಡಿ. ಡಬ್ಬಾವಾಲರ ಬಗ್ಗೆ ಪಾಠ ಮಾಡುವವರು ಮತ್ತೆ ಮತ್ತೆ ಉದಾಹರಣೆಯಾಗಿ ತೋರಿಸುವುದು ಈ ಪಾರ್ಲೆಯ ಮುಚ್ಚಳವನ್ನೇ.

ಪ್ರೋಗ್ರಾಂ ಬರೆದು ಅಭ್ಯಾಸವಿರುವವರಿಗೆ ಈ ಮುಚ್ಚಳ ಅಪರಿಚಿತ ವಸ್ತುವಲ್ಲ. ಪೈಥಾನ್‌ನಲ್ಲಿ ಇದನ್ನು ಡಿಕ್ಷನರಿ ಎನ್ನುತ್ತೇವೆ, ಪರ್ಲ್‌ನಲ್ಲಿ ಹ್ಯಾಶ್, ಆಕ್‌ನಲ್ಲಿ ಅಸೋಸಿಯೇಟಿವ್ ಅರೇ. ಎಲ್ಲದರ ಒಳಗಿರುವುದು ಒಂದೇ ಸಂಗತಿ: ಕೀಲಿ ಮತ್ತು ಮೌಲ್ಯದ ಜೋಡಿ. ಮುಚ್ಚಳದ ಮೇಲಿನ ಬರಹ ಕೀಲಿ, ಒಳಗಿನ ಅನ್ನ-ಪಲ್ಯ ಮೌಲ್ಯ. ನೂರಾರು ಡಬ್ಬಿಗಳ ರಾಶಿಯಿಂದ '3' ಎಂದಿರುವುದನ್ನು ಮಾತ್ರ ಬೇರೆ ಮಾಡುವ ಕೆಲಸವನ್ನು ಪೈಥಾನ್‌ನಲ್ಲಿ ಒಂದು ಸಾಲಿನಲ್ಲಿ ಮುಗಿಸುತ್ತೇವೆ. ಇದೇ ಕೆಲಸವನ್ನು ಮುಂಬಯಿಯ ರೈಲು ನಿಲ್ದಾಣಗಳಲ್ಲಿ ಜನ ಒಂದು ಶತಮಾನಕ್ಕೂ ಮಿಕ್ಕಿ ಕೈಯಿಂದ ಮಾಡಿಕೊಂಡು ಬಂದಿದ್ದಾರೆ.

ಬೇರೆ ಮಾಡುವುದಕ್ಕೆ ಕನ್ನಡದಲ್ಲಿ ಪದಗಳು ಬೇಕಾದಷ್ಟಿವೆ. ಸೋಸುತ್ತೇವೆ, ಜರಡಿ ಹಿಡಿಯುತ್ತೇವೆ, ಕೇರುತ್ತೇವೆ, ಗಾಳಿಗೆ ತೂರುತ್ತೇವೆ, ಹೆಕ್ಕುತ್ತೇವೆ, ಆರಿಸುತ್ತೇವೆ. ಜರಡಿಗೆ ಕಾಳಿನ ಗಾತ್ರವೊಂದೇ ಗೊತ್ತು. ಮೊರ ಮತ್ತು ಗಾಳಿಗೆ ತೂಕ ಮಾತ್ರ ಗೊತ್ತು. ಆದರೆ ಅಕ್ಕಿಯಿಂದ ಕಲ್ಲು ಆರಿಸುವಾಗ ಪ್ರತಿ ಕಾಳನ್ನೂ ಕಣ್ಣು ನೋಡಿ, 'ಇದು ಬೇಕು, ಇದು ಬೇಡ' ಎಂದು ತೀರ್ಮಾನಿಸುತ್ತದೆ. ಕಂಪ್ಯೂಟರಿನ 'ಫಿಲ್ಟರ್' ಎಂಬ ಪದ ಸೋಸುವುದನ್ನು ನೆನಪಿಸಿದರೂ ಅದು ಮಾಡುವುದು ಆರಿಸುವ ಕೆಲಸ. ಒಂದೊಂದನ್ನೂ ಎತ್ತಿ ಒಂದು ಪ್ರಶ್ನೆ ಕೇಳುತ್ತದೆ. ಹೌದು ಎಂದರೆ ಇಟ್ಟುಕೊಳ್ಳುತ್ತದೆ, ಇಲ್ಲ ಎಂದರೆ ಬಿಡುತ್ತದೆ. ಈ ಚರಿತ್ರೆಯ ತಿರುಳಿರುವುದು ಆ ಪ್ರಶ್ನೆಯಲ್ಲಿ: ಯಾವ ಪ್ರಶ್ನೆ ಕೇಳಬಹುದು, ಯಾವುದನ್ನು ಕೇಳಲಾಗದು, ಮತ್ತು ಅದನ್ನು ಮೊದಲೇ ನಿರ್ಧರಿಸಿದವರು ಯಾರು?

1890: ಎರಡು ಆರಂಭಗಳು

ಡಬ್ಬಾವಾಲರು ತಮ್ಮ ಚರಿತ್ರೆಯನ್ನು 1890ರಿಂದ ಎಣಿಸುತ್ತಾರೆ. ಮಹಾದೇವ ಹಾವಜಿ ಬಚ್ಚೆ ಎಂಬುವರು ಸುಮಾರು ನೂರು ಜನರನ್ನು ಕೂಡಿಸಿಕೊಂಡು ಈ ಕೆಲಸ ಶುರು ಮಾಡಿದರೆಂದು ಅವರ ಸಂಘಟನೆ ಹೇಳುತ್ತದೆ. ಅಂದಿನ ಬೊಂಬಾಯಿಗೆ ಇದರ ಅಗತ್ಯ ಬಹಳವಿತ್ತು. ಕಚೇರಿಗಳು ದಕ್ಷಿಣದ ಕೋಟೆ ಪ್ರದೇಶದಲ್ಲಿ, ಮನೆಗಳು ಉತ್ತರಕ್ಕೆ ದೂರದೂರ. ನೌಕರರಾದರೋ ಹತ್ತು ಜಾತಿ, ಹತ್ತು ಮತದವರು. ಒಬ್ಬರ ಮನೆಯ ನೀರನ್ನು ಇನ್ನೊಬ್ಬರು ಕುಡಿಯದ ಕಾಲ. ಮಧ್ಯಾಹ್ನದ ಊಟ ತಮ್ಮ ಮನೆಯಿಂದಲೇ ಬರಬೇಕು, ತಾವು ಮಾತ್ರ ಬೆಳಿಗ್ಗೆಯೇ ಕಚೇರಿಗೆ ಹೊರಡಬೇಕು. ಈ ಇಕ್ಕಟ್ಟಿಗೆ ಪರಿಹಾರ ಒದಗಿಸಿದವರು ಪುಣೆ ಜಿಲ್ಲೆಯ ಜುನ್ನರ್, ಆಂಬೇಗಾಂವ್, ಖೇಡ್, ಮಾವಳ ತಾಲ್ಲೂಕುಗಳ ರೈತಾಪಿ ಕುಟುಂಬಗಳಿಂದ ಬಂದವರು. ಹೆಚ್ಚಿನವರು ವಿಠ್ಠಲನ ಭಕ್ತರಾದ ವಾರಕರಿಗಳು.

ಅದೇ 1890ರಲ್ಲಿ ಅಮೆರಿಕದಲ್ಲಿ ಜನಗಣತಿ ನಡೆಯಿತು. 6 ಕೋಟಿ 20 ಲಕ್ಷಕ್ಕೂ ಹೆಚ್ಚು ಜನರ ವಿವರವನ್ನು ಕೈಯಲ್ಲಿ ಎಣಿಸುತ್ತ ಕುಳಿತರೆ ಮುಂದಿನ ಗಣತಿ ಬಂದರೂ ಮುಗಿಯಲಾರದೆಂಬ ಭಯ ಅಲ್ಲಿನ ಅಧಿಕಾರಿಗಳಿಗಿತ್ತು. ಹರ್ಮನ್ ಹಾಲರಿತ್ ಎಂಬ ಎಂಜಿನಿಯರ್ ಒಬ್ಬೊಬ್ಬರಿಗೂ ಒಂದು ಕಾರ್ಡು ಮಾಡಿ, ವಿವರಗಳನ್ನು ತೂತುಗಳಾಗಿ ಕೊರೆಯುವ ಉಪಾಯ ಕಂಡುಹಿಡಿದ. ಅವನಿಗೆ ಇದು ಹೊಳೆದದ್ದು ರೈಲಿನಲ್ಲಿ. ಅಲ್ಲಿನ ಕಂಡಕ್ಟರುಗಳು ಟಿಕೆಟ್ ಬೇರೆಯವರ ಕೈ ಸೇರದಿರಲೆಂದು ಪ್ರಯಾಣಿಕನ ಕೂದಲು, ಕಣ್ಣಿನ ಬಣ್ಣ ಮುಂತಾದ ಲಕ್ಷಣಗಳನ್ನು ಟಿಕೆಟ್ಟಿನಲ್ಲಿ ತೂತು ಹೊಡೆದು ಗುರುತಿಸುತ್ತಿದ್ದರು. ಹಾಲರಿತ್‌ನ ಯಂತ್ರಕ್ಕೆ ಒಂದು ಪೆಟ್ಟಿಗೆ ಜೋಡಿಸಲಾಗಿತ್ತು, ಅದರಲ್ಲಿ ಹಲವು ಖಾನೆಗಳು. ಕಾರ್ಡಿನ ತೂತುಗಳ ಮೂಲಕ ವಿದ್ಯುತ್ ಹರಿದೊಡನೆ ತಕ್ಕ ಖಾನೆಯ ಮುಚ್ಚಳ ತಾನಾಗಿ ತೆರೆದುಕೊಳ್ಳುತ್ತಿತ್ತು. ಗುಮಾಸ್ತೆ ಕಾರ್ಡನ್ನು ಅದರೊಳಗೆ ಹಾಕಿ ಮುಚ್ಚುತ್ತಿದ್ದಳು.

ಎರಡೂ ಕಡೆ ನಡೆದದ್ದು ಕೀಲಿ ನೋಡಿ ಆರಿಸುವ ಕೆಲಸವೇ. ಆದರೆ ಕೀಲಿಗಳು ಬೇರೆ. ಹಾಲರಿತ್‌ನ ಕಾರ್ಡಿನಲ್ಲಿ ವಯಸ್ಸು, ಲಿಂಗ, ಹುಟ್ಟಿದ ಸ್ಥಳ, ಜೊತೆಗೆ ಜನಾಂಗವೂ ತೂತಾಗಿತ್ತು. ಹಾಗಾಗಿ 'ಈ ಜನಾಂಗದವರು ಎಷ್ಟು, ಎಲ್ಲಿ' ಎಂದು ಯಂತ್ರವನ್ನು ಕೇಳಬಹುದಿತ್ತು, ಕೇಳಿದರೂ ಕೂಡ. ಡಬ್ಬಿಯ ಮುಚ್ಚಳದಲ್ಲಿ ಉಣ್ಣುವವನ ಹೆಸರೇ ಇಲ್ಲ. ಜಾತಿಯಿಲ್ಲ, ಮತವಿಲ್ಲ, ಒಳಗಿರುವುದು ಮೀನೋ ಮೆಂತ್ಯವೋ ಎಂಬುದೂ ಇಲ್ಲ. ಜಾತಿಮತದ ಊಟದ ಕಟ್ಟಳೆಗಳಿಂದಲೇ ಹುಟ್ಟಿದ ವ್ಯವಸ್ಥೆಯೊಂದು ಆ ಕಟ್ಟಳೆಗಳನ್ನು ತನ್ನ ಕೀಲಿಯೊಳಕ್ಕೆ ಬಿಟ್ಟುಕೊಳ್ಳಲಿಲ್ಲ. ಇದು ದೊಡ್ಡ ಆದರ್ಶದಿಂದ ಆದದ್ದಲ್ಲ. ದಾರಿ ತೋರಿಸಲು ಬೇಕಿಲ್ಲದ್ದನ್ನು ಬರೆಯಲು ಮುಚ್ಚಳದಲ್ಲಿ ಜಾಗವಿರಲಿಲ್ಲ. ಆದರೂ ಪರಿಣಾಮ ಮಾತ್ರ ನಿಜ: ಕೀಲಿಯಲ್ಲಿ ಇಲ್ಲದ್ದರ ಮೇಲೆ ಯಾರೂ ಆರಿಸಲಾರರು.

ಯಾರು ಎಷ್ಟು ಓದಬೇಕು

ಮೊದಮೊದಲು ಅಕ್ಷರಗಳಿರಲಿಲ್ಲ. ಬಣ್ಣದ ದಾರ, ಬಟ್ಟೆಯ ಚೂರು ಕಟ್ಟಿ ಡಬ್ಬಿಗಳನ್ನು ಗುರುತಿಸುತ್ತಿದ್ದರು. ಆದರೆ ಊರು ಬೆಳೆಯಿತು. 1928ರಲ್ಲಿ ಪಶ್ಚಿಮದ ಮಾರ್ಗದಲ್ಲಿ ಬೋರಿವಲಿಯವರೆಗೆ ವಿದ್ಯುತ್ ರೈಲು ಓಡಿತು. 1950ರಲ್ಲಿ ಪಾರ್ಲೆ, ಅಂಧೇರಿಗಳು ಬೃಹನ್ಮುಂಬಯಿಯ ಆಡಳಿತದೊಳಗೆ ಸೇರಿದವು. 1970ರ ದಶಕದಲ್ಲಿ ಸಮುದ್ರ ತುಂಬಿಸಿದ ನೆಲದ ಮೇಲೆ ನರೀಮನ್ ಪಾಯಿಂಟ್‌ನ ಗೋಪುರಗಳು ಎದ್ದವು. ಇಷ್ಟಕ್ಕೆಲ್ಲ ದಾರದ ಬಣ್ಣ ಸಾಲದು. ಹೀಗೆ ಬಣ್ಣ, ಅಂಕಿ, ಅಕ್ಷರಗಳು ಸೇರಿದ ಸಂಕೇತ ರೂಪುಗೊಂಡಿತು. ಸಂಘಟನೆಯೂ ಗಟ್ಟಿಯಾಯಿತು: 1956ರಲ್ಲಿ ಟ್ರಸ್ಟ್ ಆಗಿ ನೋಂದಣಿ, 1968ರಲ್ಲಿ ಮುಂಬಯಿ ಟಿಫಿನ್ ಬಾಕ್ಸ್ ಸಪ್ಲಾಯರ್ಸ್ ಅಸೋಸಿಯೇಷನ್.

ಈ ಸಂಕೇತದ ಜಾಣತನವಿರುವುದು ಅದನ್ನು ಯಾರೂ ಪೂರ್ತಿ ಓದಬೇಕಿಲ್ಲ ಎಂಬುದರಲ್ಲಿ. ಬೆಳಿಗ್ಗೆ ಪಾರ್ಲೆಯಲ್ಲಿ ಮನೆಮನೆಯಿಂದ ಡಬ್ಬಿ ಎತ್ತಿ ನಿಲ್ದಾಣಕ್ಕೆ ತಂದವನು ನೋಡುವುದು ನಡುವಿನ ದೊಡ್ಡ ಅಂಕಿಯನ್ನು. 3ರವು ಒಂದು ಕಡೆ, ಉಳಿದ ಅಂಕಿಯವು ಅವುಗಳದೇ ಸಾಲಿನಲ್ಲಿ. ಉದ್ದನೆಯ ಹಲಗೆಗಳಲ್ಲಿ ಮೂವತ್ತು ನಲವತ್ತು ಡಬ್ಬಿ ಜೋಡಿಸಿ ಲಗೇಜು ಡಬ್ಬಿಗೆ ಏರಿಸಬೇಕು. ಲೋಕಲ್ ನಿಲ್ಲುವುದು ಅರ್ಧ ನಿಮಿಷದಷ್ಟು. ಆಗ ಕಟ್ಟಡ, ಮಹಡಿ ಓದುತ್ತ ನಿಂತರೆ ಗಾಡಿ ತಪ್ಪುತ್ತದೆ. ಚರ್ಚ್‌ಗೇಟಿನಲ್ಲಿ ಇಳಿದ ಮೇಲೆ 3 ಎಂಬುದಕ್ಕೆ ಅರ್ಥವೇ ಇಲ್ಲ, ಅಲ್ಲಿರುವುದೆಲ್ಲ 3ರವೇ. ಅಲ್ಲಿ 9 ಎಂಬ ಗುರುತು ಜೀವಪಡೆಯುತ್ತದೆ. 9ರವನು ತನ್ನ ಪಾಲು ಎತ್ತಿಕೊಂಡ ಮೇಲೆ ಇಎಕ್ಸ್, ಕೊನೆಗೆ 12. ವಿಎಲ್‌ಪಿ ಮತ್ತು ಇ ಈ ಹೊತ್ತಿನಲ್ಲಿ ಯಾರಿಗೂ ಬೇಡ. ಮಧ್ಯಾಹ್ನ ಖಾಲಿ ಡಬ್ಬಿ ಹಿಂತಿರುಗುವಾಗ ಅವೆರಡೇ ಬೇಕು. ಒಂದೇ ಮುಚ್ಚಳ, ಎರಡು ದಿಕ್ಕಿನ ದಾರಿ.

ಅಂಚೆ ಇಲಾಖೆಗೂ ಇದೇ ತೊಡಕಿತ್ತು. ಒಂದೇ ಹೆಸರಿನ ಊರುಗಳು ಹತ್ತಾರು, ವಿಳಾಸ ಬರೆಯುವ ಲಿಪಿಗಳು ಹತ್ತಾರು. ದಕ್ಷಿಣ ಕನ್ನಡದಿಂದ ಕನ್ನಡದಲ್ಲೇ ವಿಳಾಸ ಬರೆದು ಮುಂಬಯಿಗೆ ಕಾಗದ ಹಾಕಿದರೆ, ಅಲ್ಲಿ ಅದನ್ನು ಓದುವವರು ಸಿಗಬೇಕಿತ್ತು. 1972ರ ಆಗಸ್ಟ್ 15ರಂದು ಬಂದ ಆರಂಕಿಯ ಪಿನ್ ಕೋಡ್ ಇದಕ್ಕೆ ಉತ್ತರ. ಅದನ್ನು ರೂಪಿಸಿದವರು ಶ್ರೀರಾಮ ಭಿಕಾಜಿ ವೇಲಣಕರ್. ಅಂಚೆ-ತಂತಿ ಮಂಡಳಿಯ ಹಿರಿಯ ಅಧಿಕಾರಿ, ಸಂಸ್ಕೃತ ಕವಿ. ಪಾರ್ಲೆ ಪಶ್ಚಿಮದ 400056ರಲ್ಲಿ ಮೊದಲ ಅಂಕಿ ದೇಶದ ವಲಯ, ಮೊದಲ ಮೂರು ಸೇರಿ ವಿಂಗಡಣೆಯ ಜಿಲ್ಲೆ, ಕೊನೆಯ ಮೂರು ಬಟವಾಡೆಯ ಅಂಚೆ ಕಚೇರಿ. ಹಳಿ ದಾಟಿ ಪೂರ್ವಕ್ಕೆ ಹೋದರೆ 400057. ದೂರದ ಊರಿನವನು ಮೊದಲ ಅಂಕಿಗಳನ್ನು ಓದಿದರೆ ಸಾಕು, ಕೊನೆಯವನ್ನು ಮುಂಬಯಿಯವನು ನೋಡಿಕೊಳ್ಳುತ್ತಾನೆ. ಮುಚ್ಚಳದ ಯುಕ್ತಿಯೇ ಇಲ್ಲಿಯೂ.

ಯಂತ್ರದೊಳಗೆ ಬಂದಾಗ

ಕಂಪ್ಯೂಟರಿಗೆ ಈ ವಿದ್ಯೆ ಬಂದದ್ದು 1953ರಲ್ಲಿ. ಐಬಿಎಂನ ಹಾನ್ಸ್ ಪೀಟರ್ ಲೂನ್ ಆ ವರ್ಷದ ಜನವರಿಯಲ್ಲಿ ಬರೆದ ಆಂತರಿಕ ಟಿಪ್ಪಣಿಯೊಂದರಲ್ಲಿ, ಕೀಲಿಯಿಂದಲೇ ಒಂದು ಸಂಖ್ಯೆಯನ್ನು ಲೆಕ್ಕ ಹಾಕಿ, ಆ ಸಂಖ್ಯೆಯ ಖಾನೆಯಲ್ಲಿ ವಸ್ತುವನ್ನು ಇಡುವ ಉಪಾಯ ಸೂಚಿಸಿದ. ಇದೇ ಹ್ಯಾಶಿಂಗ್. ಪಟ್ಟಿಯನ್ನು ಮೊದಲಿನಿಂದ ಹುಡುಕದೆ ನೇರವಾಗಿ ಖಾನೆಗೆ ಕೈಹಾಕಬಹುದು. 1977ರಲ್ಲಿ ಬೆಲ್ ಲ್ಯಾಬ್ಸ್‌ನ ಆಹೋ, ವೈನ್‌ಬರ್ಗರ್, ಕರ್ನಿಹಾನ್ ಮೂವರೂ ತಮ್ಮ ಹೆಸರಿನ ಮೊದಲಕ್ಷರ ಸೇರಿಸಿ 'ಆಕ್' ಎಂಬ ಪುಟ್ಟ ಭಾಷೆ ಮಾಡಿದರು. ಅದರ ವಾಕ್ಯವೆಂದರೆ 'ಇಂಥ ಸಾಲು ಕಂಡರೆ ಇಂಥದ್ದು ಮಾಡು' ಎಂಬುದು. 1987ರಲ್ಲಿ ಲ್ಯಾರಿ ವಾಲ್‌ನ ಪರ್ಲ್ ಬಂತು. 1991ರಲ್ಲಿ ಗೀಡೋ ವಾನ್ ರಾಸಮ್‌ನ ಪೈಥಾನ್ ಬಂತು. ಅದು ಈ ಜೋಡಿಗಳ ಗಂಟಿಗೆ ಡಿಕ್ಷನರಿ ಎಂದು ಹೆಸರಿಟ್ಟಿತು. ನಿಘಂಟಿನಲ್ಲಿ ಪದ ಹುಡುಕಿ ಅರ್ಥ ತೆಗೆದಂತೆ ಕೀಲಿ ಕೊಟ್ಟು ಮೌಲ್ಯ ತೆಗೆಯುವುದು.

1994ರ ಪೈಥಾನ್ 1.0ರಲ್ಲಿ 'ಫಿಲ್ಟರ್' ಎಂಬ ಫಂಕ್ಷನ್ ಸೇರಿತು. ಲಿಸ್ಪ್ ಬಲ್ಲ ಒಬ್ಬ ಬಳಕೆದಾರ ಅದನ್ನು ಮ್ಯಾಪ್, ಲ್ಯಾಂಬ್ಡಾಗಳೊಂದಿಗೆ ಬರೆದು ಕಳಿಸಿದ್ದ. 2005ರಲ್ಲಿ ಗೀಡೋ ಇವನ್ನೆಲ್ಲ ತೆಗೆದುಹಾಕುವ ಆಲೋಚನೆ ಮುಂದಿಟ್ಟ. 'ಈ ಪಟ್ಟಿಯಲ್ಲಿ ಹೀಗಿರುವವನ್ನು ಕೊಡು' ಎಂದು ಬಿಡಿಸಿ ಬರೆಯುವ ಕಾಂಪ್ರೆಹೆನ್ಷನ್ ಶೈಲಿಯೇ ಓದಲು ಸುಲಭ ಎಂಬುದು ಅವನ ವಾದ. ವಿರೋಧ ಬಂತು, ಫಿಲ್ಟರ್ ಉಳಿಯಿತು. ಡಿಕ್ಷನರಿಗೂ ಕಾಂಪ್ರೆಹೆನ್ಷನ್ ಬೇಕೆಂದು ಬ್ಯಾರಿ ವಾರ್ಸಾ 2001ರಲ್ಲೇ ಪ್ರಸ್ತಾವ ಬರೆದಿದ್ದ. ಅದು ಪೈಥಾನ್‌ಗೆ ಬಂದದ್ದು 2008ರ ಮೂರನೆಯ ಆವೃತ್ತಿಯಲ್ಲಿ, ನಂತರ 2010ರ 2.7ರಲ್ಲಿ.

ಈಗ ಕಲಿಯುತ್ತಿರುವ ಗೆಳೆಯರು ಇಲ್ಲಿ ಮೂರು ಸಂಗತಿ ಗಮನಿಸಬೇಕು. ಮೂರೂ ಮುಚ್ಚಳದ ಮುಂದೆ ಇಟ್ಟು ನೋಡಿದರೆ ಬೇಗ ಅರ್ಥವಾಗುತ್ತವೆ. ಒಂದು: ಫಿಲ್ಟರ್‌ಗೆ ಡಿಕ್ಷನರಿಯನ್ನು ಹಾಗೇ ಕೊಟ್ಟರೆ ಕೀಲಿಗಳಷ್ಟೇ ಕೈಗೆ ಬರುತ್ತವೆ, ಮೌಲ್ಯ ಹಿಂದೆಯೇ ಉಳಿಯುತ್ತದೆ. ಡಬ್ಬಿ ಬಿಟ್ಟು ಮುಚ್ಚಳ ಮಾತ್ರ ಚರ್ಚ್‌ಗೇಟಿಗೆ ಹೋದ ಹಾಗೆ. ಜೋಡಿಯಾಗಿಯೇ ಬೇಕಿದ್ದರೆ 'ಐಟಮ್ಸ್' ಎಂದು ಕೇಳಿ, ಆರಿಸಿದ ಜೋಡಿಗಳಿಂದ ಮತ್ತೆ ಡಿಕ್ಷನರಿ ಕಟ್ಟಬೇಕು. ಎರಡು: ಡಿಕ್ಷನರಿಯನ್ನು ಸುತ್ತುತ್ತಿರುವಾಗಲೇ ಅದರಿಂದ ಅಳಿಸಲು ಹೊರಟರೆ, ಸುತ್ತುವ ನಡುವೆ ಗಾತ್ರ ಬದಲಾಯಿತೆಂದು ಪೈಥಾನ್ ತಕರಾರು ಮಾಡಿ ನಿಲ್ಲುತ್ತದೆ. ಬೇಡದ್ದನ್ನು ಕಿತ್ತು ಎಸೆಯುವುದಕ್ಕಿಂತ ಬೇಕಾದ್ದನ್ನು ಹೊಸ ಗಂಟಿಗೆ ತೆಗೆದಿಡುವುದು ಕ್ಷೇಮ. ಪ್ಲಾಟ್‌ಫಾರಂನಲ್ಲಿ ನಡೆಯುವುದೂ ಅದೇ, ಒಂದು ರಾಶಿಯಿಂದ ಹಲವು ರಾಶಿ ಆಗುತ್ತದೆ, ಯಾವ ಡಬ್ಬಿಯೂ ಎಸೆಯಲ್ಪಡುವುದಿಲ್ಲ. ಮೂರನೆಯದು ಮೇಲಿನ ಎರಡಕ್ಕಿಂತ ಗಂಭೀರ: ಆರಿಸುವಾಗ ಕೇಳಿದ ಕೀಲಿಯೇ ಯಾರದಾದರೂ ದಾಖಲೆಯಲ್ಲಿ ಇಲ್ಲದಿದ್ದರೆ?

ಕೀಲಿಯೇ ಇಲ್ಲದವರು

ಪೈಥಾನ್ ಇದಕ್ಕೆ ಎರಡು ದಾರಿ ಕೊಡುತ್ತದೆ. ಚೌಕ ಕಂಸದಲ್ಲಿ ಕೇಳಿದರೆ, ಕೀಲಿ ಇಲ್ಲದಾಗ 'ಕೀ ಎರರ್' ಎಂದು ಕೂಗಿ ನಿಲ್ಲುತ್ತದೆ. 'ಗೆಟ್' ಎಂದು ಮೆತ್ತಗೆ ಕೇಳಿದರೆ, ಇಲ್ಲದ್ದಕ್ಕೆ 'ನನ್' ಎಂಬ ಶೂನ್ಯ ಕೊಟ್ಟು ಮುಂದೆ ಸಾಗುತ್ತದೆ. ಹೆಚ್ಚಿನವರು ಆರಿಸುವಾಗ ಬಳಸುವುದು ಎರಡನೆಯದನ್ನೇ, ಪ್ರೋಗ್ರಾಂ ನಿಲ್ಲಬಾರದಲ್ಲ! ಆದರೆ ಅಲ್ಲಿ ಕೀಲಿ ಇಲ್ಲದ ದಾಖಲೆ ಸದ್ದಿಲ್ಲದೆ ಹೊರಗುಳಿಯುತ್ತದೆ. ಬಂದ ಫಲಿತಾಂಶ ಚೊಕ್ಕವಾಗಿ ಕಾಣುತ್ತದೆ, ವರದಿ ಸರಿಯಾದ ಹೊತ್ತಿಗೆ ಹೋಗುತ್ತದೆ. ಬಿಟ್ಟುಹೋದವರು ಎಷ್ಟು ಎಂದು ಯಾರೂ ಕೇಳುವುದಿಲ್ಲ.

ಮುಂಬಯಿಯ ಮುಚ್ಚಳದ ಚರಿತ್ರೆಯಲ್ಲೂ ಇಂಥ ಒಂದು ಮೌನವಿದೆ, ಅದು ನಮ್ಮವರಿಗೆ ಸಂಬಂಧಿಸಿದ್ದು. ವಿಎಲ್‌ಪಿ ಎಂದು ಬರೆಯಿಸಿಕೊಳ್ಳಬೇಕಾದರೆ ಪಾರ್ಲೆಯಲ್ಲಿ ಒಂದು ಮನೆ ಬೇಕು, ಆ ಮನೆಯಲ್ಲಿ ಒಲೆ ಬೇಕು, ಬೆಳಿಗ್ಗೆ ಅಡುಗೆ ಮಾಡಿ ಡಬ್ಬಿ ತುಂಬುವ ಒಬ್ಬರು ಬೇಕು. ಇನ್ನೊಂದು ತುದಿಯಲ್ಲಿ ಕಟ್ಟಡ, ಮಹಡಿ, ಕುರ್ಚಿ ಇರುವ ನೌಕರಿ ಬೇಕು. ಕೊಂಕಣ ರೈಲ್ವೆಯ ಪೂರ್ಣ ಮಾರ್ಗ ತೆರೆದದ್ದು 1998ರಲ್ಲಿ. ಅದಕ್ಕೆ ಎಷ್ಟೋ ದಶಕ ಮೊದಲೇ ಹಡಗು ಹತ್ತಿ, ಮುಂದೆ ಬಸ್ಸು ಹತ್ತಿ ದಕ್ಷಿಣ ಕನ್ನಡದಿಂದ ಬಂದಿಳಿದ ಹುಡುಗರಿಗೆ ಇವುಗಳಲ್ಲಿ ಒಂದೂ ಇರಲಿಲ್ಲ. ದುಡಿದ ಹೋಟೆಲಿನಲ್ಲೇ ಮಲಗುತ್ತಿದ್ದರು, ಇಲ್ಲವೇ ಚಾಳಿನ ಒಂದು ಕೋಣೆಯಲ್ಲಿ ಹತ್ತಾರು ಮಂದಿ ಪಾಳಿಯ ಮೇಲೆ. ಗಿರಣಿಗಳಿಗೆ ಬಂದ ಕೊಂಕಣದ, ಘಟ್ಟದ ಮೇಲಿನ ಒಂಟಿ ಗಂಡಸರ ಪಾಡೂ ಇದೇ. ಡಬ್ಬಾವಾಲ ಅವರನ್ನು ನಿರಾಕರಿಸಲಿಲ್ಲ. ಅವನ ರಾಶಿಗೆ ಅವರು ಬರಲೇ ಇಲ್ಲ.

ಅವರು ಹಸಿದು ಕೂರಲಿಲ್ಲ, ಬೇರೆ ವ್ಯವಸ್ಥೆ ಕಟ್ಟಿದರು. ಗಿರಣಿ ಕೇರಿಗಳಲ್ಲಿ ಹೆಂಗಸರು ತಮ್ಮ ಮನೆಯಲ್ಲೇ ಖಾನಾವಳಿ ನಡೆಸಿ ಕಾರ್ಮಿಕರಿಗೆ ತಿಂಗಳ ಲೆಕ್ಕದಲ್ಲಿ ಉಣಬಡಿಸಿದರು. ಅವರನ್ನು ಸಾಲಗಾರರ ಹಿಡಿತದಿಂದ ಬಿಡಿಸಲು ಪ್ರೇಮಾ ಪುರವ್ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಲ ಕಟ್ಟಿದರು. ಉಡುಪಿಯ ಕಡೆಯವರು ಬೋರ್ಡಿಂಗುಗಳನ್ನು ತೆರೆದರು. 1942ರಲ್ಲಿ ಮಾಟುಂಗಾ ನಿಲ್ದಾಣದ ಬದಿಯಲ್ಲಿ ಎ. ರಾಮ ನಾಯಕರು ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇವುಗಳಲ್ಲಿ ಹೆಸರಾದದ್ದು. ಅಲ್ಲಿ ಎಲೆಯ ಮುಂದೆ ಕುಳಿತವನಿಗೆ ಯಾವ ಸಂಕೇತವೂ ಬೇಡ, ಹಸಿವೇ ಸಾಕು. ಹಗಲು ಅಂಥ ಹೋಟೆಲುಗಳಲ್ಲಿ ಲೋಟ ತೊಳೆದ ಹುಡುಗರಿಗಾಗಿ ಕನ್ನಡ ಸಂಘಗಳು ರಾತ್ರಿ ಶಾಲೆಗಳನ್ನು ನಡೆಸಿದವು. ಹಗಲು ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವರಿಗೆ ಅಲ್ಲಿ ಹೆಸರು ಸಿಕ್ಕಿತು. ಮುಂಬಯಿ ಕನ್ನಡಿಗರ ಚರಿತ್ರೆಯನ್ನು ನಾವು ಸಾಧನೆಯ ಪಟ್ಟಿಯಾಗಿ ಹೇಳಿಕೊಳ್ಳುವುದೇ ಹೆಚ್ಚು. ಇರುವ ಯಾವ ವಿಂಗಡಣೆಗೂ ಸಿಗದವರು ತಮಗೆ ಬೇಕಾದ ಖಾನೆಗಳನ್ನು ತಾವೇ ಕಟ್ಟಿಕೊಂಡ ಕಥೆಯಾಗಿಯೂ ಅದನ್ನು ಓದಬಹುದು.

ಹೊಗಳಿಕೆ ಮತ್ತು ಬೀಗ

ಡಬ್ಬಾವಾಲರ ಬಗ್ಗೆ ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ಕೇಳಿರುವ ಒಂದು ಮಾತನ್ನು ಇಲ್ಲಿ ತಿದ್ದಬೇಕು. 'ಫೋರ್ಬ್ಸ್ ಪತ್ರಿಕೆ ಅವರಿಗೆ ಸಿಕ್ಸ್ ಸಿಗ್ಮಾ ಮನ್ನಣೆ ಕೊಟ್ಟಿದೆ, ಲಕ್ಷಾಂತರ ಡಬ್ಬಿಗಳಲ್ಲಿ ಒಂದೇ ತಪ್ಪು' ಎನ್ನುತ್ತಾರೆ. 1998ರ ಫೋರ್ಬ್ಸ್ ಲೇಖನ ಅಂಥ ಪ್ರಮಾಣಪತ್ರ ಕೊಟ್ಟಿರಲಿಲ್ಲ. ಅದನ್ನು ಬರೆದವರೇ ಮುಂದೆ ಇದನ್ನು ಸ್ಪಷ್ಟಪಡಿಸಿದರು. ತಪ್ಪಿನ ಆ ಅಂಕಿ ಲೆಕ್ಕ ಇಟ್ಟು ಅಳೆದದ್ದಲ್ಲ, ಸಂಘದ ಮುಖಂಡರ ಅಂದಾಜಿನಿಂದ ಹುಟ್ಟಿದ್ದು. ಹಾಗೆಂದು ಅವರ ಕೆಲಸ ಸಣ್ಣದಾಗುವುದಿಲ್ಲ. 2010ರಲ್ಲಿ ಹಾರ್ವರ್ಡ್‌ನ ಸ್ಟೀಫನ್ ಥಾಮ್ಕೆ ಇದರ ಮೇಲೆ ಪಾಠ ಬರೆದಾಗ ಗಮನಿಸಿದ್ದು ಸಂಘಟನೆ, ಶಿಸ್ತು, ಸಂಸ್ಕೃತಿ ಒಂದಕ್ಕೊಂದು ಹೊಂದಿಕೊಂಡ ರೀತಿಯನ್ನು. ಮುಚ್ಚಳದಲ್ಲಿ ಬರೆಯದ ಎಷ್ಟೋ ಸಂಗತಿ ಒಂದೇ ಸೀಮೆಯಿಂದ ಬಂದವರ ನೆನಪಿನಲ್ಲಿತ್ತು. ಯಾವ ಬೀದಿಯ ಯಾವ ಮನೆಯ 'ಇ' ಎಂಬುದು ಆ ಗುಂಪಿನವರಿಗೆ ಮಾತ್ರ ಗೊತ್ತು. ಕೀಲಿಯ ಅರ್ಧ ಡಬ್ಬಿಯ ಮೇಲೆ, ಇನ್ನರ್ಧ ಮನುಷ್ಯರ ತಲೆಯೊಳಗೆ.

2020ರ ಮಾರ್ಚ್ ಕೊನೆಗೆ ಲೋಕಲ್ ರೈಲುಗಳು ನಿಂತವು. ಮುಚ್ಚಳದ ಮೇಲಿನ 3 ಮತ್ತು ಇಎಕ್ಸ್ ಅಳಿಸಿರಲಿಲ್ಲ, ಆದರೆ 12ನೆಯ ಮಹಡಿಯ ಕುರ್ಚಿ ಖಾಲಿಯಾಗಿತ್ತು; ಅದರಲ್ಲಿ ಕೂರುತ್ತಿದ್ದವನು ಪಾರ್ಲೆಯ ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಕುಳಿತು ಬಿಸಿ ಊಟ ಮಾಡುತ್ತಿದ್ದ. ಸುಮಾರು ಐದು ಸಾವಿರವಿದ್ದ ಡಬ್ಬಾವಾಲರಲ್ಲಿ ಬಹಳ ಮಂದಿ ಊರಿಗೆ ಮರಳಿ ಹೊಲಕ್ಕಿಳಿದರು, ಬೇರೆ ಕೂಲಿ ಹಿಡಿದರು, ಎಲ್ಲರೂ ತಿರುಗಿ ಬರಲಿಲ್ಲ. ನಮ್ಮಂಥವರಿಗೆ ಮನೆಯಿಂದ ಕೆಲಸ ಮಾಡುವ ಅನುಕೂಲ ಸಿಕ್ಕಿದ್ದು ಅವರಿಗೆ ದಾರಿಯೇ ಮುಚ್ಚಿದ್ದು. ರೈಲು ಮತ್ತೆ ಓಡಿದ ಮೇಲೂ ವಾರಕ್ಕೆ ಎರಡು ಮೂರು ದಿನ ಮಾತ್ರ ಕಚೇರಿಗೆ ಹೋಗುವವನಿಗೆ ತಿಂಗಳ ಡಬ್ಬಿ ಬೇಕಾಗುವುದಿಲ್ಲ.

ಇವತ್ತು ಪಾರ್ಲೆಯ ಯಾವುದೇ ಮನೆಗೆ ಊಟ ತರುವ ಆ್ಯಪ್ ಕೂಡ ಕೀಲಿಗಳನ್ನೇ ಓದುತ್ತದೆ. ವ್ಯತ್ಯಾಸವೆಂದರೆ ಅದು ದಾರಿಗೆ ಬೇಕಾದಷ್ಟೇ ಓದಿ ಸುಮ್ಮನಾಗುವುದಿಲ್ಲ. ಹೆಸರು, ಫೋನು, ಏನು ತಿನ್ನುತ್ತೇವೆ, ಎಷ್ಟು ಹೊತ್ತಿಗೆ, ಎಷ್ಟು ಬೆಲೆಗೆ, ಎಲ್ಲವೂ ಅಲ್ಲಿ ಕೀಲಿ. ಆ ಡಿಕ್ಷನರಿಗಳನ್ನು ಕಟ್ಟುವವರು, ಅವುಗಳ ಮೇಲೆ ಫಿಲ್ಟರ್ ಬರೆಯುವವರು ನಮ್ಮ ನಡುವೆಯೇ ಇದ್ದೇವೆ. ಹೊಸ ಕೀಲಿಯೊಂದನ್ನು ಸೇರಿಸುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳುವುದು ನಮ್ಮ ಕೈಲಾದ ಕೆಲಸ. ಡಬ್ಬಿ ತಲುಪಲು ಇದು ನಿಜವಾಗಿ ಬೇಕೇ? ಇದು ಇಲ್ಲದವರು ಯಾರು, ಅವರನ್ನು ನಾವು ಎಲ್ಲಿ ಎಣಿಸುತ್ತೇವೆ?